ಮೂರೂ ಕಾಲು

ಉಪ್ಪಾರಪೇಟೆ ಟ್ರಾಫಿಕ್ಕಿನಲ್ಲಿ ಆಟೊ ನಿಂತಿತ್ತು, ಮೀಟರ್ ಮಾತ್ರ ಓಡುತ್ತಿತ್ತು. ಇಯರ್‌ಫೋನ್ ಸಿಕ್ಕಿಸಿಕೊಂಡು ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಹಾಕಿದೆ. 1996ರಲ್ಲಿ ಹುಟ್ಟಿದ, ನಮ್ಮೂರಿನದೇ ರಾಕ್ ಬ್ಯಾಂಡ್. ಆಗ ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲುಭಾಗ ಮಲಯಾಳಿ. ‘ಥ್ರೀ ಮಲ್ ಅಂಡ್ ಎ ಕ್ವಾರ್ಟರ್’, ಹೆಸರಿನ ಗುಟ್ಟು ಅಷ್ಟೇ!

2012ರಲ್ಲಿ ‘3 ವೀಲ್ಸ್ 9 ಲೈವ್ಸ್’ ಅಂತ ಮೂರು ಸೀಡಿಗಳ ಆಲ್ಬಮ್ ತಂದಿದ್ದರು. ಆಮೇಲೆ ಬೇಸ್ ಹಿಡಿದ ಕೈ ಬದಲಾಯಿತು, ಟೋನಿ ದಾಸ್ ಬಂದು ಎರಡನೇ ಗಿಟಾರ್ ಸೇರಿತು. ಒಂದೇ ಗಿಟಾರಿಗೆ ಒಗ್ಗಿದ್ದ ಕಿವಿಗೆ ಮೊದಮೊದಲು ಮನೆಗೆ ನೆಂಟರು ಬಂದು ಕೂತ ಹಾಗಿತ್ತು. ಈಗ ಆ ನೆಂಟರಿಲ್ಲದೆ ಊಟ ಸೇರುವುದಿಲ್ಲ. ಬ್ರೂಸ್ ಲೀ ಮಣಿಯ ಕಂಠ, ರಾಜೀವ್ ರಾಜಗೋಪಾಲರ ಡ್ರಮ್ಸ್ ಮಾತ್ರ ಅವೇ.

ಮಲಯಾಳಿಗಳ ಲೆಕ್ಕ ಈಗ ಎಷ್ಟಕ್ಕೆ ಬಂತೋ, ಕೂಡಿ ಕಳೆಯುವಷ್ಟರಲ್ಲಿ ಸಿಗ್ನಲ್ ಬಿಟ್ಟಿತು.