ಯಂತ್ರದ ನಿದ್ದೆ

ಮಲಗುವುದು ದೊಡ್ಡ ವಿದ್ಯೆಯಲ್ಲ. ಎದ್ದಮೇಲೆ ನೆಟ್ಟಗಿರುವುದೇ ವಿದ್ಯೆ. ಕುಂಭಕರ್ಣನನ್ನು ಎಬ್ಬಿಸಲು ನಗಾರಿ, ಕಹಳೆಗಳು ಬೇಕಾದವು. ನಮ್ಮ ಮನೆಯ ಲ್ಯಾಪ್‌ಟಾಪಿಗೆ ಅಷ್ಟು ಸಂಭ್ರಮ ಬೇಡ. ಮುಚ್ಚಳ ತೆರೆದರೆ ಸಾಕು, ಕಣ್ಣು ಬಿಡುತ್ತದೆ. ಆದರೆ ವೈಫೈ ಎಂಬ ಅದರ ಕಿವಿ ಮಾತ್ರ ನಿದ್ದೆಯಲ್ಲೇ ಉಳಿದುಬಿಡುತ್ತಿತ್ತು.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ಭಾನುವಾರ ಬೆಳಿಗ್ಗೆ ಧಾರವಾಡದಲ್ಲಿ ನಮ್ಮವ್ವ ತಲೆ ಬಾಚಿಕೊಂಡು, ಪುಣೆಯ ಮೊಮ್ಮಕ್ಕಳ ಮುಖ ನೋಡಲು ತನ್ನ ಫೋನಿನ ಮುಂದೆ ಕೂಡುತ್ತಾಳೆ. ನನ್ನ ಫೋನಿನೆದುರು ನಾವು ನಾಲ್ವರೂ ಹಿಡಿಸುವುದಿಲ್ಲ, ಲ್ಯಾಪ್‌ಟಾಪೇ ಬೇಕು. ಅದನ್ನು ಆರಿಸಿ ಮತ್ತೆ ಹಚ್ಚುವಷ್ಟರಲ್ಲಿ ಹೊತ್ತಾಗುತ್ತಿತ್ತು. “ನಿಮಗ ಕೆಲಸ ಇರಬೇಕಂತ ಸುಮ್ಮನಾದೆ ನೋಡಪಾ” ಎನ್ನುವಳು. ಎಪ್ಪತ್ತೆಂಟರ ಮುದುಕಿ ಹಾಗೆ ಸುಮ್ಮನಾಗುವುದು ನನಗೆ ಸಹಿಸಲಿಲ್ಲ.

ಯಂತ್ರ ಭಾವಮೈದುನ ಕೊಟ್ಟದ್ದು. ಅದರಲ್ಲಿರುವುದು ಲಿನಕ್ಸ್ ಬಳಗದ ಉಬುಂಟು. ಈ ಕಿವುಡುತನಕ್ಕೆ ಮದ್ದಾಗಿ 2014ರಲ್ಲಿ ಅವನೇ ಒಂದು ಸ್ಕ್ರಿಪ್ಟ್, ಎಂದರೆ ಯಂತ್ರಕ್ಕೆ ಕೊಡುವ ಅಪ್ಪಣೆಗಳ ಚೀಟಿ, ಬರೆದಿದ್ದ. ಮಲಗುವ ಮುನ್ನ ವೈಫೈ ಡ್ರೈವರನ್ನು ಕಳಚು, ಎದ್ದಮೇಲೆ ಜೋಡಿಸು. ಅದರ ಸಾರ ಇಷ್ಟೇ. ಈಚೆಗೆ ಹೊಸ ಆವೃತ್ತಿ ಹಾಕಿಕೊಟ್ಟಾಗ ಚೀಟಿಯನ್ನೂ ಹಳೆಯ ಜಾಗದಲ್ಲೇ ಇಟ್ಟುಕೊಟ್ಟಿದ್ದ.

ಚೀಟಿಯನ್ನು ನಾನೇ ಕೈಯಾರೆ ನಡೆಸಿ ನೋಡಿದೆ. ಕಿವಿ ಬಂತು! ಕಾಗದ ಸರಿಯಿದ್ದೂ ಕೆಲಸವಾಗದಿದ್ದರೆ ಅದು ತಪ್ಪು ಮೇಜಿನ ಮೇಲಿದೆ ಎಂಬುದು ಸರ್ಕಾರಿ ಗುಮಾಸ್ತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ನಿದ್ದೆಯ ಖಾತೆ ಪಿಎಂ-ಯುಟಿಲ್ಸ್ ಎಂಬ ಅಧಿಕಾರಿಯದು. 2015ರಲ್ಲಿ ಉಬುಂಟುವಿಗೆ ಸಿಸ್ಟಮ್‌ಡಿ ಬಂದಿತು. ಖಾತೆಯೂ ಅದರ ಕೈಗೆ ಹೋಯಿತು. ಈ ಹೊಸ ಅಧಿಕಾರಿ ಹಳೆಯ ಮೇಜಿನತ್ತ ತಿರುಗಿಯೂ ನೋಡುವುದಿಲ್ಲ.

ಜಾಗ ಬದಲಿಸಿದರೆ ಸಾಲದು, ಮಾತೂ ಬದಲಾಗಬೇಕು. ಹಳಬ ‘ಸಸ್ಪೆಂಡ್’, ‘ರೆಸ್ಯೂಮ್’ ಎಂದು ಕೂಗುತ್ತಿದ್ದ. ಹೊಸಬ ನಿದ್ದೆಗೆ ಮೊದಲು ‘ಪ್ರೀ’, ಆಮೇಲೆ ‘ಪೋಸ್ಟ್’ ಎನ್ನುತ್ತಾನೆ. ಹಳಬ ಹೆಸರಿನ ಮುಂದಿನ ಅಂಕಿ ನೋಡಿ ಒಂದೊಂದೇ ಚೀಟಿ ಓದುತ್ತಿದ್ದ. ಹೊಸಬ ಎಲ್ಲವನ್ನೂ ಒಟ್ಟಿಗೆ ನಡೆಸುತ್ತಾನೆ. ‘ಸಿಸ್ಟಮ್-ಸ್ಲೀಪ್’ ಎಂಬ ಫೋಲ್ಡರಿನಲ್ಲಿ ಚೀಟಿಯನ್ನಿಟ್ಟೆ, ಎರಡು ಪದ ತಿದ್ದಿದೆ. ಚಾಲನೆಯ ಅನುಮತಿಯಿಲ್ಲದ್ದನ್ನು ಅವನು ಮುಟ್ಟುವುದಿಲ್ಲವಾದ್ದರಿಂದ ಅದನ್ನೂ ಕೊಟ್ಟೆ. ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದೆ. ಕಣ್ಣಿನ ಹಿಂದೆಯೇ ಕಿವಿಯೂ ತೆರೆಯಿತು.

ಊರು ಬಿಟ್ಟು ಬಂದ ನಮಗೆ ಈ ಚೀಟಿಯ ಪಾಡು ತೀರ ಹೊಸದೇನಲ್ಲ. ಕೂಡುವ ಜಾಗ ಬೇರೆಯಾಯಿತು, ಕರೆಯುವ ಮಾತು ಬೇರೆಯಾಯಿತು; ಕಲಿತ ಕಸುಬು ಅದೇ ಉಳಿಯಿತು. ಹಳೆಯದೆಂದು ಯಾವುದನ್ನಾದರೂ ಗುಜರಿಗೆ ಹಾಕುವ ಮುನ್ನ, ಅದು ಕೆಟ್ಟಿದೆಯೋ ಅಥವಾ ಅದನ್ನು ಯಾರೂ ಕರೆಯುತ್ತಿಲ್ಲವೋ ಎಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.