ಧಾರವಾಡದ ದನಿ

ಹಗಲಿನಲ್ಲಿ ನಮ್ಮ ರೇಡಿಯೋದಲ್ಲಿ ಧಾರವಾಡ ಕೇಳಿಸುತ್ತಿರಲಿಲ್ಲ. ಸೂರ್ಯ ಮುಳುಗಿ, ಮುಂಬಯಿಯ ನಮ್ಮ ಚಾಳಿನಲ್ಲಿ ದೀಪಗಳು ಹತ್ತಿದ ಮೇಲೆ ಅದು ಮೆಲ್ಲಮೆಲ್ಲನೆ ನಮ್ಮ ಖೋಲಿಗೆ ಬರುತ್ತಿತ್ತು. ಹೀಗೇಕೆಂದು ನಾವು ಬಹುಕಾಲ ಯೋಚಿಸಲೇ ಇಲ್ಲ. ದುಡಿಯಲು ಹೋದ ಹಿರಿಯರು ಸಂಜೆಗೆ ಮನೆಗೆ ಮರಳುವಂತೆ ಧಾರವಾಡವೂ ಸಂಜೆಗೆ ಬರುತ್ತದೆಂದು ತಿಳಿದಿದ್ದೆವು. ನಿಜವಾದ ಕಾರಣ ನಮಗೆ ಗೊತ್ತಾದದ್ದು 1978ನೆಯ ಇಸವಿಯ ಚಳಿಗಾಲದಲ್ಲಿ. ಅದು ಗೊತ್ತಾದ ಬಗೆಯನ್ನು ವಿದ್ಯಾರ್ಥಿಮಿತ್ರರಿಗೆ ಹೇಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾವು ಮೂವರು ಮಕ್ಕಳು: ಒಬ್ಬಳು ಹಿರಿಯಳು, ಇಬ್ಬರು ಕಿರಿಯರು. ಪರೇಲದ ಚಾಳೊಂದರಲ್ಲಿ ನಮ್ಮ ವಾಸ. ಅಪ್ಪ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯೂ ನವಲಗುಂದದ ಕಡೆಯ ತನ್ನ ಹಳ್ಳಿಯನ್ನು ಬಿಟ್ಟು ನಮ್ಮೊಡನೆ ಇರತೊಡಗಿದ್ದಳು. ಅವಳಿಗೆ ಮರಾಠಿ ಬಾರದು, ಹಿಂದಿ ತಿಳಿಯದು. ಮೊಣಕಾಲು ನೋವಿನಿಂದ ಮೆಟ್ಟಿಲಿಳಿದು ಹೊರಗೆ ಹೋಗುವಂತೆಯೂ ಇರಲಿಲ್ಲ. ಅವಳ ಪಾಲಿಗೆ ಹೊರಗಿನ ಲೋಕವೆಂದರೆ ಕಪಾಟಿನ ಮೇಲಿದ್ದ ಟ್ರಾನ್ಸಿಸ್ಟರ್ ರೇಡಿಯೋ ಒಂದೇ. ಆ ರೇಡಿಯೋಕ್ಕೆ ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿದ್ದ ಕಾಲವದು. ಗಾಜಿನ ಮೇಲೆ ಧಾರವಾಡ ಸಿಗುವ ಜಾಗದಲ್ಲಿ ಅಪ್ಪ ಕೆಂಪು ಮಸಿಯಿಂದ ಒಂದು ಗೆರೆ ಎಳೆದಿದ್ದರು. ಮುಳ್ಳು ಆ ಗೆರೆಯ ಮೇಲೆ ಬಂದು ನಿಂತರೆ ಅಜ್ಜಿಗೆ ಊರು ಬಂದಂತೆ.

ಆ ವರ್ಷದ ನವೆಂಬರ್ ತಿಂಗಳ ಕೊನೆಗೆ ಒಂದು ವಿಚಿತ್ರ ನಡೆಯಿತು. ಮುಳ್ಳನ್ನು ಗೆರೆಯ ಮೇಲಿಟ್ಟರೂ ಧ್ವನಿ ಒಡೆದು ಬರತೊಡಗಿತು. ಹಾಡೆಲ್ಲ ಗರಗರ, ಮಾತಿನಲ್ಲಿ ಸಕಾರ ಬಂದಾಗಲೆಲ್ಲ ಬಟ್ಟೆ ಹರಿದಂತೆ ಸದ್ದು. “ಯಾಕೋ ಧಾರವಾಡದ ಗಂಟಲ ಕೆಟ್ಟೈತಿ. ಥಂಡಿಗೆ ನೆಗಡಿ ಆಗಿರಬೇಕ,” ಎಂದಳು ಅಜ್ಜಿ. ಅಪ್ಪ ರೇಡಿಯೋವನ್ನು ದುರಸ್ತಿಯವನಲ್ಲಿಗೆ ಒಯ್ದರು. ಅವನು ಮೂರು ದಿನ ಇಟ್ಟುಕೊಂಡು, ಹಣ ತೆಗೆದುಕೊಂಡು, ಹೇಗಿತ್ತೋ ಹಾಗೆಯೇ ಮರಳಿ ಕೊಟ್ಟನು.

ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರರಿಗೆ ಈ ಸಂಗತಿಯನ್ನು ತಿಳಿಸಿದೆವು. ಅವರು ನಕ್ಕು, “ಗೆರೆ ಇದ್ದಲ್ಲೇ ಇದೆ, ನಿಲಯ ಸರಿದಿದೆ,” ಎಂದರು. 1975ರಲ್ಲಿ ಜಿನೀವಾ ನಗರದಲ್ಲಿ ಅನೇಕ ದೇಶಗಳು ಕೂಡಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಮಧ್ಯಮ ತರಂಗದಲ್ಲಿ ನಿಲಯಗಳು ಹೆಚ್ಚಿ, ಒಂದರ ಮೇಲೊಂದು ಬಿದ್ದು ಗೊಂದಲವಾಗಿತ್ತು. ಆದುದರಿಂದ ಏಷ್ಯ, ಯುರೋಪು, ಆಫ್ರಿಕ ಖಂಡಗಳ ನಿಲಯಗಳನ್ನು ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಸಾಲಾಗಿ ಕೂರಿಸಬೇಕೆಂದು ನಿರ್ಧಾರವಾಯಿತು. ಅದು ಜಾರಿಗೆ ಬಂದದ್ದು 1978ನೆಯ ನವೆಂಬರ್ 23ರಂದು. ಅಂದಿನಿಂದ ಆ ಸಾಲಿನ ನಿಲಯದ ಕಂಪನಾಂಕವನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಧಾರವಾಡದ 765 ಎಂದರೆ ಒಂಬತ್ತು ಎಂಬತ್ತೈದಲೆ; ಬೆಂಗಳೂರಿನ 612 ಎಂದರೆ ಒಂಬತ್ತು ಅರವತ್ತೆಂಟಲೆ; ಮುಂಬಯಿಯ 1044 ಎಂದರೆ ಒಂಬತ್ತು ನೂರಹದಿನಾರಲೆ.

ಸಂಜೆ ಮನೆಗೆ ಬಂದು ಮುಳ್ಳನ್ನು ಗೆರೆಯಿಂದ ಕೂದಲೆಳೆಯಷ್ಟು ಬಲಕ್ಕೆ ಸರಿಸಿದೆವು. ಧಾರವಾಡದ ಗಂಟಲು ಸರಿಹೋಯಿತು! ಅಪ್ಪ ಹಳೆಯ ಗೆರೆಯನ್ನು ಅಳಿಸಿ ಹೊಸದನ್ನು ಎಳೆದರು. ಜಿನೀವಾದಲ್ಲಿ ಕೂಡಿದ ಸಭೆ ನಮ್ಮ ಅಜ್ಜಿಯ ರೇಡಿಯೋದ ಗೆರೆಯನ್ನು ಅಳಿಸಿತಲ್ಲ ಎಂದು ನಮಗೆ ಬಹಳ ಸೋಜಿಗವಾಯಿತು.

ಇದಾಗಿ ಎಂಟು ದಿನಕ್ಕೆ ಊರಿನಿಂದ ಒಂದು ಕಾಗದ ಬಂದಿತು. ಅಜ್ಜಿಗೆ ಒಡಹುಟ್ಟಿದವರಲ್ಲಿ ಉಳಿದವಳು ಒಬ್ಬ ತಂಗಿ. ನಾವು ಅವಳನ್ನು ಸಣ್ಣಜ್ಜಿ ಎನ್ನುತ್ತಿದ್ದೆವು. ಸಣ್ಣಜ್ಜಿಗೆ ಅಕ್ಷರ ಬಾರದು. ಊರ ಶಾಲೆಯ ಮಾಸ್ತರರು ಅವಳ ಪರವಾಗಿ ಬರೆದಿದ್ದರು. ದೀಪಾವಳಿಯ ತರುವಾಯ ಸಣ್ಣಜ್ಜಿಯನ್ನೂ ಊರಿನ ಇನ್ನೈವರು ಹೆಂಗಸರನ್ನೂ ಧಾರವಾಡ ನಿಲಯಕ್ಕೆ ಕರೆಸಿ, ಅವರು ಹೇಳುವ ಬೀಸುವ ಕಲ್ಲಿನ ಹಾಡನ್ನು ಧ್ವನಿಮುದ್ರಣ ಮಾಡಿಕೊಂಡಿದ್ದರಂತೆ. ಅದು ಡಿಸೆಂಬರ್ ತಿಂಗಳ ಒಂದು ಸಂಜೆ ಏಳು ಗಂಟೆಯ ಹೊತ್ತಿಗೆ ಪ್ರಸಾರವಾಗುವುದೆಂದೂ, ಅಕ್ಕ ತಪ್ಪದೆ ಕೇಳಬೇಕೆಂದೂ ಬರೆಸಿದ್ದಳು. ಅಜ್ಜಿ ಆ ಕಾಗದವನ್ನು ನಮ್ಮಿಂದ ನಾಲ್ಕು ಸಲ ಓದಿಸಿದಳು. ತಂಗಿಯ ದನಿ ಕೇಳಿ ಅವಳಿಗೆ ನಾಲ್ಕು ವರ್ಷಗಳಾಗಿದ್ದವು.

ಈಗ ನಮಗೆ ಚಿಂತೆ ಹತ್ತಿತು. ಏಳು ಗಂಟೆಗೆ ಧಾರವಾಡ ಬರುವುದೇ? ಮತ್ತೆ ಮಾಸ್ತರರಲ್ಲಿಗೆ ಹೋದೆವು. ಅವರು ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು. ನೆಲದಿಂದ ಸುಮಾರು 60 ಕಿಲೋಮೀಟರ್ ಮೇಲಿನಿಂದ ವಾತಾವರಣದಲ್ಲಿ ವಿದ್ಯುತ್ಕಣಗಳ ಪದರಗಳಿವೆ. ಇದಕ್ಕೆ ಅಯಾನಮಂಡಲವೆಂದು ಹೆಸರು. ಬಿಸಿಲಿನ ಕಣ್ಣಿಗೆ ಕಾಣದ ಕಿರಣಗಳು ಗಾಳಿಯ ಕಣಗಳನ್ನು ಒಡೆದು ಇವನ್ನುಂಟುಮಾಡುತ್ತವೆ. 60ರಿಂದ 90 ಕಿಲೋಮೀಟರ್‌ವರೆಗಿನ ಕೆಳಗಿನ ಪದರದಲ್ಲಿ ಗಾಳಿ ಇನ್ನೂ ತಕ್ಕಮಟ್ಟಿಗೆ ದಟ್ಟವಾಗಿರುತ್ತದೆ. ರೇಡಿಯೋ ತರಂಗವು ಅಲ್ಲಿನ ವಿದ್ಯುತ್ಕಣಗಳನ್ನು ಅಲುಗಾಡಿಸಿದಾಗ ಅವು ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ತರಂಗದ ಶಕ್ತಿಯನ್ನು ಅಲ್ಲಿಯೇ ಕಳೆದುಬಿಡುತ್ತವೆ. ಆದುದರಿಂದ ಹಗಲಿನಲ್ಲಿ ಮಧ್ಯಮ ತರಂಗವು ನೆಲವನ್ನು ಹಿಡಿದು ಸಾಗಿದಷ್ಟು ದೂರ ಮಾತ್ರ ಕೇಳಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಕೆಳಗಿನ ಪದರ ಬೇಗನೆ ಅಳಿದುಹೋಗುತ್ತದೆ. ನೂರು ಕಿಲೋಮೀಟರ್‌ಗಳಿಗೂ ಮೇಲಿರುವ ಪದರಗಳು ರಾತ್ರಿಯೂ ಉಳಿದು, ತರಂಗವನ್ನು ಬಾಗಿಸಿ ಮತ್ತೆ ನೆಲದ ಕಡೆಗೆ ಕಳುಹುತ್ತವೆ. ಧಾರವಾಡದಿಂದ ಮುಂಬಯಿಗೆ ಹಕ್ಕಿ ಹಾರಿದ ದಾರಿಯಲ್ಲಿ ಸುಮಾರು 450 ಕಿಲೋಮೀಟರ್. ಅಷ್ಟು ದೂರವನ್ನು ದನಿ ಬಾನಿಗೇರಿ ಇಳಿದು ದಾಟುತ್ತದೆ.

“ಈ ಪದರವಿದೆಯೆಂದು ಪ್ರಯೋಗದಿಂದ ತೋರಿಸಿದವರು 1924ರಲ್ಲಿ ಇಂಗ್ಲೆಂಡಿನ ಆಪಲ್‌ಟನ್. ಅದಕ್ಕಾಗಿ 1947ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರಕುಮಾರ ಮಿತ್ರರು ಇದನ್ನು ಆಳವಾಗಿ ಅಭ್ಯಸಿಸಿದರು,” ಎಂದು ಮಾಸ್ತರರು ಹೇಳಿದರು. ಮುಂದುವರಿದು, “1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯ ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಆ ನಿಲಯದ್ದು. ರಾತ್ರಿಯ ಹೊತ್ತು ಆ ಹೆಸರು ಅಕ್ಷರಶಃ ನಿಜ. ನಿಮ್ಮ ಮನೆಗೆ ಧಾರವಾಡ ಆಕಾಶದಿಂದಲೇ ಇಳಿಯುತ್ತದೆ,” ಎಂದರು.

ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಏಳಕ್ಕೆ ದಾರಿ ತೆರೆದಿರುತ್ತದೆಂದು ಧೈರ್ಯ ಬಂದಿತು. ಮಾಸ್ತರರು ಇನ್ನೆರಡು ಉಪಾಯಗಳನ್ನು ಹೇಳಿಕೊಟ್ಟರು. ಟ್ರಾನ್ಸಿಸ್ಟರಿನ ಒಳಗೆ ತಂತಿ ಸುತ್ತಿದ ಫೆರೈಟ್ ಕಡ್ಡಿಯೊಂದಿದೆ. ಅದರ ತುದಿ ಯಾವ ನಿಲಯದ ಕಡೆಗಿರುವುದೋ ಆ ನಿಲಯ ಕುಗ್ಗುತ್ತದೆ. ಮಗ್ಗುಲು ಯಾವುದರ ಕಡೆಗೋ ಅದು ಹಿಗ್ಗುತ್ತದೆ. ಆದುದರಿಂದ ರೇಡಿಯೋವನ್ನೇ ತಿರುಗಿಸಿ ನೋಡಬೇಕು. ಎರಡನೆಯದು, ಟ್ಯೂಬ್‌ಲೈಟುಗಳ ಗುಂಯ್‌ಗುಡುವ ಸದ್ದು ಮಧ್ಯಮ ತರಂಗದ ವೈರಿ, ಅವನ್ನು ಆರಿಸಬೇಕು.

ನಮ್ಮ ಖೋಲಿಯಲ್ಲಿ ಇದ್ದುದು ಬಲ್ಬು. ಆದರೆ ಎಡಬಲದ ಖೋಲಿಗಳಲ್ಲಿ ಟ್ಯೂಬ್‌ಲೈಟುಗಳಿದ್ದವು. ಗೊತ್ತಾದ ದಿನ ಸಂಜೆ ನಾವು ಮೂವರೂ ಒಂದೊಂದು ಬಾಗಿಲಿಗೆ ಹೋಗಿ ನಿಂತೆವು. ಎಡಗಡೆಯವರು ರತ್ನಾಗಿರಿಯವರು, ಬಲಗಡೆಯವರು ತೆಲುಗರು, ಎದುರಿನವರು ಗುಜರಾತಿಗಳು. ಊರಿನಲ್ಲಿರುವ ತಂಗಿ ಹಾಡುತ್ತಾಳೆ, ಅಜ್ಜಿ ಕೇಳಬೇಕು, ಕಾಲು ಗಂಟೆ ದೀಪ ಆರಿಸುವಿರಾ ಎಂದು ನಮಗೆ ಬಂದ ಭಾಷೆಯಲ್ಲಿ ಕೇಳಿದೆವು. ಯಾರೂ ಒಲ್ಲೆನೆನ್ನಲಿಲ್ಲ. ಎಡಗಡೆಯ ಕಾಕೂ ರೊಟ್ಟಿ ಬೇಯಿಸುತ್ತಿದ್ದವರು, ಒಲೆಯ ಬೆಳಕು ಸಾಕೆಂದು ಕೂಡಲೇ ಗುಂಡಿ ಒತ್ತಿದರು. ಏಳು ಗಂಟೆಗೆ ಸರಿಯಾಗಿ ನಮ್ಮ ಮಾಳಿಗೆಯ ಆ ಭಾಗವೆಲ್ಲ ಕತ್ತಲಾಯಿತು. ಕತ್ತಲಲ್ಲಿ ಅಕ್ಕಪಕ್ಕದವರೂ ಬಂದು ನಮ್ಮ ಬಾಗಿಲಲ್ಲಿ ನಿಂತರು.

ಅಪ್ಪ ರೇಡಿಯೋವನ್ನು ಮೊಣಕಾಲ ಮೇಲಿಟ್ಟುಕೊಂಡು ನಿಧಾನವಾಗಿ ತಿರುಗಿಸಿದರು. ಒಂದು ಕೋನದಲ್ಲಿ ಬೇರೆ ನಿಲಯದ ಮಾತು ಹಿಂದೆ ಸರಿದು ಧಾರವಾಡ ಮುಂದೆ ಬಂದಿತು. ಹೆಸರುಗಳನ್ನು ಓದಿದರು. ಬಳಿಕ ಬೀಸುವ ಕಲ್ಲಿನ ಸದ್ದು, ಅದರೊಡನೆ ಹೆಂಗಸರ ದನಿ. ಆರು ದನಿಗಳು ಕೂಡಿ ಒಂದಾಗಿದ್ದವು. ನಮಗೆ ಯಾರ ದನಿ ಯಾವುದೆಂದು ತಿಳಿಯಲಿಲ್ಲ. ಅಜ್ಜಿ ಮಾತ್ರ ಎರಡನೆಯ ಸಾಲಿಗೇ, “ಅದ, ಅದ ಅಕೀ ದನಿ!” ಎಂದು ನಮ್ಮ ಕೈ ಹಿಡಿದಳು.

ಮೂರು ನುಡಿಗಳು ಚೆನ್ನಾಗಿ ಬಂದವು. ನಾಲ್ಕನೆಯದು ಆರಂಭವಾಗುತ್ತಿದ್ದಂತೆ ದನಿ ಕುಗ್ಗತೊಡಗಿತು. ಅಪ್ಪ ತಿರುಗಿಸಿದರು, ಎತ್ತಿದರು, ಕಿಟಕಿಗೆ ಹಿಡಿದರು. ಬಾವಿಯಲ್ಲಿ ಕೊಡ ಮುಳುಗಿದಂತೆ ಹಾಡು ಮುಳುಗಿಹೋಯಿತು. ಅದರ ಮೇಲೆ ಬೇರೆ ಭಾಷೆಯ ಮಾತೊಂದು ತೇಲಿಬಂದಿತು. ಮತ್ತೆ ಧಾರವಾಡ ಮೇಲೆದ್ದಾಗ ಪೇಟೆಯ ಧಾರಣೆ ಓದುತ್ತಿದ್ದರು. ಅಕ್ಕಪಕ್ಕದವರು ಏನೂ ಆಡದೆ ತಮ್ಮ ತಮ್ಮ ಖೋಲಿಗಳಿಗೆ ಹೋದರು. ಒಂದೊಂದಾಗಿ ದೀಪಗಳು ಹತ್ತಿದವು.

ಹೀಗೇಕಾಯಿತೆಂದು ಮರುದಿನ ಮಾಸ್ತರರನ್ನು ಕೇಳಿದೆವು. 765 ಕಿಲೋಹರ್ಟ್ಸ್ ತರಂಗದ ಒಂದು ಅಲೆಯ ಉದ್ದ ಸುಮಾರು 392 ಮೀಟರ್. ಒಂದೇ ದನಿ ಬಾನಿನ ಬೇರೆಬೇರೆ ಎತ್ತರಗಳಿಂದ ಬಾಗಿ, ಎರಡು ದಾರಿ ಹಿಡಿದು ಬರುವುದುಂಟು. ಒಂದು ದಾರಿ ಇನ್ನೊಂದಕ್ಕಿಂತ ಅರ್ಧ ಅಲೆಯಷ್ಟು, ಎಂದರೆ 196 ಮೀಟರಿನಷ್ಟು ಉದ್ದವಾದರೆ, ಒಂದರ ಉಬ್ಬು ಇನ್ನೊಂದರ ತಗ್ಗನ್ನು ತುಂಬಿ ಎರಡೂ ಅಳಿಯುತ್ತವೆ. ಮೇಲಿನ ಪದರಗಳು ನಿಂತಲ್ಲಿ ನಿಲ್ಲುವುವಲ್ಲ, ಏರಿಳಿಯುತ್ತಲೇ ಇರುತ್ತವೆ. ಆದುದರಿಂದ ದನಿಯೂ ಬಂದು ಹೋಗುತ್ತದೆ. “ಅದು ಯಾರ ತಪ್ಪೂ ಅಲ್ಲ,” ಎಂದರು ಮಾಸ್ತರರು.

ಅಜ್ಜಿ ಉತ್ತರ ಬರೆಸಲು ಕುಳಿತಳು. “ಹಾಡು ಪೂರಾ ಕೇಳೇನಿ ಅಂತ ಬರೀರಿ,” ಎಂದಳು. ನಮ್ಮಲ್ಲಿ ಹಿರಿಯಳ ಕೈ ನಿಂತಿತು. ಸುಳ್ಳು ಬರೆಯಬಾರದೆಂದು ಶಾಲೆಯಲ್ಲಿ ಕಲಿತವರು ನಾವು. ಅಜ್ಜಿಗೆ ಎದುರಾಡಲೂ ಬಾಯಿ ಬಾರದು. ಕೊನೆಗೆ, “ಹಾಡು ಕೇಳಿದೆ, ನಿನ್ನ ದನಿಯ ಗುರುತು ಹಿಡಿದೆ” ಎಂದು ಬರೆದು, ‘ಪೂರಾ’ ಎಂಬ ಒಂದು ಮಾತನ್ನು ಕೈಬಿಟ್ಟೆವು. ಅಜ್ಜಿಗೆ ಅದನ್ನು ಹೇಳಲಿಲ್ಲ.

ಹದಿನೈದು ದಿನಕ್ಕೆ ಮರುಕಾಗದ ಬಂದಿತು. ಅದನ್ನು ಓದಿ ನಾವು ಬೆಪ್ಪಾದೆವು. ಪ್ರಸಾರದ ದಿನ ಊರಿನ ಪಂಚಾಯತಿಯ ರೇಡಿಯೋದಲ್ಲಿ ಸೆಲ್ಲು ತೀರಿಹೋಗಿತ್ತಂತೆ. ಹಾಡಿದ ಆರು ಮಂದಿಯಲ್ಲಿ ಒಬ್ಬರಿಗೂ ತಮ್ಮ ಹಾಡು ಕೇಳಸಿಗಲಿಲ್ಲ. “ನಮ್ಮ ಹಾಡ ಕೇಳಿದಾಕಿ ನೀ ಒಬ್ಬಾಕೀನ ಅಕ್ಕ. ಕಡೀ ನುಡಿ ನಾ ಒಬ್ಬಾಕೀನ ಹಾಡೇನಿ. ಹೆಂಗ ಬಂತು, ತಿಳಿಸು,” ಎಂದು ಸಣ್ಣಜ್ಜಿ ಹೇಳಿದ್ದನ್ನು ಮಾಸ್ತರರು ಹಾಗೆಯೇ ಬರೆದಿದ್ದರು.

ಅಜ್ಜಿ ಬಹಳ ಹೊತ್ತು ಸುಮ್ಮನೆ ಕುಳಿತಳು. ‘ಪೂರಾ’ ಎಂಬ ಮಾತನ್ನು ಬಿಟ್ಟಿದ್ದೆವೆಂದು ನಾವು ಆಗ ಒಪ್ಪಿಕೊಂಡೆವು. ಅವಳು ಸಿಟ್ಟಾಗಲಿಲ್ಲ. “ಚಲೋ ಮಾಡಿದ್ರಿ,” ಎಂದಳು. ಬಳಿಕ ಹೇಳಿ ಬರೆಸಿದಳು: ಮೂರು ನುಡಿ ಕೇಳಿದೆ, ಉಳಿದುದು ಆಕಾಶದಲ್ಲೇ ಉಳಿಯಿತು, ಕಡೆಯ ನುಡಿ ಕೇಳಲು ನಾನೇ ಬರುತ್ತೇನೆ. ಅದನ್ನು ಕೇಳುತ್ತ ನಿಂತಿದ್ದ ಅಪ್ಪ ಗೋಡೆಯ ಪಂಚಾಂಗವನ್ನು ನೋಡಿದರು. ಮುಂದಿನ ಬೇಸಿಗೆಯ ರಜೆಯಲ್ಲಿ ಅಜ್ಜಿಯನ್ನು ಮೆಟ್ಟಿಲಿಳಿಸಿ, ರೈಲು ಹತ್ತಿಸಿ ಊರಿಗೆ ಕರೆದೊಯ್ದೆವು. ಸಣ್ಣಜ್ಜಿಯ ಹಿತ್ತಲ ಪಡಸಾಲೆಯಲ್ಲಿ ಬೀಸುವ ಕಲ್ಲಿನ ಎದುರು ಅಕ್ಕತಂಗಿಯರು ಕುಳಿತರು. ಕಡೆಯ ನುಡಿ ಬಂದಾಗ ಸಣ್ಣಜ್ಜಿ ಒಬ್ಬಳೇ ಹಾಡಿದಳು. ಅಜ್ಜಿ ಕಲ್ಲು ತಿರುಗಿಸುವುದನ್ನು ನಿಲ್ಲಿಸಿ ಕೇಳಿದಳು. ಅವರಿಬ್ಬರು ಒಟ್ಟಿಗೆ ಇದ್ದುದು ಅದೇ ಕೊನೆಯ ಸಲವಾಯಿತು.

ಇಂದು ಆಕಾಶವಾಣಿಯ ಕನ್ನಡ ಕಾರ್ಯಕ್ರಮಗಳು ಕೈಯೊಳಗಿನ ಫೋನಿನಲ್ಲಿ ಹಗಲಿರುಳೆನ್ನದೆ ಸ್ಪಷ್ಟವಾಗಿ ಕೇಳಸಿಗುತ್ತವೆ. ಜಗತ್ತಿನ ಅನೇಕ ದೇಶಗಳು ಮಧ್ಯಮ ತರಂಗದ ಪ್ರೇಷಕಗಳನ್ನು ಒಂದೊಂದಾಗಿ ನಿಲ್ಲಿಸಿವೆ. ಮನೆಯ ತುಂಬ ಇರುವ ಚಾರ್ಜರುಗಳೂ ಹೊಸ ಬಗೆಯ ದೀಪಗಳೂ ಎಬ್ಬಿಸುವ ಗದ್ದಲದಲ್ಲಿ ದೂರದ ನಿಲಯವನ್ನು ಹಿಡಿಯುವುದು ಹಿಂದಿಗಿಂತ ಕಷ್ಟ. ಆದರೂ ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಸೆಲ್ಲು ಹಾಕಿ, ಕತ್ತಲಾದ ಮೇಲೆ ಗಚ್ಚಿಯ ಮೇಲೆ ಒಯ್ದು, ಮುಳ್ಳನ್ನು ಮೆಲ್ಲಗೆ ತಿರುಗಿಸಿ ನೋಡಿರಿ. ಯಾವ ನಿಲಯ ಸಿಕ್ಕರೂ ಅದರ ಕಂಪನಾಂಕವನ್ನು ಒಂಬತ್ತರಿಂದ ಭಾಗಿಸಿ ನೋಡಿರಿ. ಹಾಗೆಯೇ, ಪಕ್ಕದ ಮನೆಯವರು ತಮ್ಮ ಊರಿನ ದನಿಗಾಗಿ ಕಿವಿಗೊಟ್ಟು ಕುಳಿತಿರುವಾಗ, ಅವರ ಭಾಷೆ ನಿಮಗೆ ತಿಳಿಯದಿದ್ದರೂ, ಕಾಲು ಗಂಟೆಯ ಮಟ್ಟಿಗೆ ನಿಮ್ಮ ದೀಪವನ್ನು ಆರಿಸಿರಿ.