ಭೋಗ್ಯದ ಮನೆ, ಬಡ್ಡಿಯ ಮನೆ

ಮನೆ ಮಾಲೀಕರಾದ ಹಾಜಿ ಸಾಹೇಬರು ಬಾಗಿಲಲ್ಲೇ ನಿಂತು, "ಮಗನ ಮದುವೆ ಗೊತ್ತಾಗಿದೆ. ಇನ್ನೊಂದೂವರೆ ಲಕ್ಷ ಸೇರಿಸಿ ಕೊಡಿ, ಇಲ್ಲವೇ ಮನೆ ಬಿಟ್ಟುಕೊಡಿ" ಎಂದು ಹೇಳಿ ಹೋದರು. ಸರ್ಕಾರಿ ಮನೆಗೆ ಅರ್ಜಿ ಹಾಕುವುದೆಂದು ನಾವು ತೀರ್ಮಾನಿಸಿದ್ದು ಆ ರಾತ್ರಿಯೇ. ಹದಿನೇಳು ವರ್ಷದ ಸಂಸಾರದಲ್ಲಿ ನಮಗಿದು ಆರನೆಯ ಮನೆ. ಮನೆಯಿಂದ ಮನೆಗೆ ಸಾಮಾನು ಹೊತ್ತು ಬೀರುವಿನ ಒಂದು ಕಾಲು ಮುರಿದಿದೆ. ಅದರ ಕೆಳಗೆ ಇಟ್ಟಿಗೆ ಕೊಟ್ಟಿದ್ದೇವೆ. ಆ ಇಟ್ಟಿಗೆಯೂ ನಮ್ಮ ಜೊತೆಗೇ ಮನೆ ಬದಲಾಯಿಸುತ್ತದೆ.

ಬೆಂಗಳೂರಿನವರಿಗೆ ಭೋಗ್ಯವೆಂದರೆ ಏನೆಂದು ವಿವರಿಸಬೇಕಿಲ್ಲ. ಬೇರೆ ಊರಿನ ಓದುಗರಿಗಾಗಿ ಹೇಳುವುದಾದರೆ, ಮಾಲೀಕನಿಗೆ ಒಂದೇ ಗಂಟಿನಲ್ಲಿ ಐದಾರು ಲಕ್ಷ ಕೊಡುವುದು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸ ಮಾಡುವುದು, ಬಿಡುವಾಗ ಅಷ್ಟೂ ಹಣ ವಾಪಸ್ಸು ಪಡೆಯುವುದು. ವಾಸ ಎಷ್ಟೇ ವರ್ಷದ್ದಾದರೂ ಅಗ್ರಿಮೆಂಟು ಮಾತ್ರ ಹನ್ನೊಂದು ತಿಂಗಳಿನದು, ಏಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ತಿಂಗಳು ತಿಂಗಳು ಬಾಡಿಗೆ ಕೊಡಲಾಗದವರು ಹೀಗೆ ಎಲ್ಲಿಂದಲೋ ಗಂಟು ಹೊಂದಿಸಿಕೊಂಡು ನೆರಳು ಕಂಡುಕೊಳ್ಳುತ್ತಾರೆ. ಸರ್ಕಾರಿ ನೌಕರರಿಗೆ ಮನೆ ಬಾಡಿಗೆ ಭತ್ಯೆ ಉಂಟು. ಕುಶನ್ ಹೊಲಿಯುವ ನಮ್ಮವರಂಥವರಿಗೆ ಅಂಥದ್ದೇನೂ ಇಲ್ಲ. ಕೊರೊನಾದ ವರ್ಷ, ಅಂದರೆ 2020ರಲ್ಲಿ, ಖಾಲಿ ಬಿದ್ದ ಸರ್ಕಾರಿ ಫ್ಲ್ಯಾಟುಗಳನ್ನು ವಲಸಿಗರಿಗೂ ನಗರದ ಬಡವರಿಗೂ ಕಡಿಮೆ ಬಾಡಿಗೆಗೆ ಕೊಡುವ ಯೋಜನೆಯೊಂದನ್ನು ಕೇಂದ್ರ ಸರ್ಕಾರ ತಂದಿತು. ನಮ್ಮ ಗಲ್ಲಿಯಲ್ಲಿ ಅದರಿಂದ ಮನೆ ಸಿಕ್ಕವರನ್ನು ನಾವು ಕಾಣಲಿಲ್ಲ.

ಬೇರೆ ಬಡಾವಣೆಗಳಲ್ಲಿ ಹುಡುಕಬಾರದಿತ್ತೇ ಎಂದು ಕೇಳುವವರಿದ್ದಾರೆ. ಹುಡುಕಿದ್ದೇವೆ. ಫೋನಿನಲ್ಲಿ ಹೆಸರು ಹೇಳುವ ತನಕ ಖಾಲಿ ಇದ್ದ ಮನೆ, ಹೆಸರು ಹೇಳಿದ ಮೇಲೆ "ಈಗಷ್ಟೇ ಯಾರೋ ಅಡ್ವಾನ್ಸ್ ಕೊಟ್ಟು ಹೋದರು" ಎಂದಾಗುತ್ತದೆ. ಇದನ್ನು ಎಷ್ಟೋ ಜನ ಬರೆದಿದ್ದಾರೆ. ಬರೆಯದೆ ಬಿಟ್ಟದ್ದೊಂದಿದೆ: ನಮಗೆ ಬೇರೆಲ್ಲೂ ಮನೆ ಸಿಗುವುದಿಲ್ಲವೆಂದು ನಮ್ಮ ಮೊಹಲ್ಲಾದ ಮಾಲೀಕರಿಗೂ ಚೆನ್ನಾಗಿ ಗೊತ್ತು. ಅವರ ದರ ನಿಗದಿಯಾಗುವುದು ಆ ತಿಳಿವಳಿಕೆಯ ಮೇಲೆಯೇ.

2017ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿಗೆಂದು ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆ ಘೋಷಿಸಿದಾಗ ಅದು ನಮಗಲ್ಲವೆಂದು ಸುಮ್ಮನಾಗಿದ್ದೆವು. ಆಗ ನಗರದಲ್ಲಿ ವಾರ್ಷಿಕ ಆದಾಯದ ಮಿತಿ 87,600 ರೂಪಾಯಿ, ಅಂದರೆ ತಿಂಗಳಿಗೆ 7,300. ಅಷ್ಟರಲ್ಲಿ ಬದುಕುವವರು ಈ ಊರಿನಲ್ಲಿದ್ದರೆ ಅವರಿಗೆ ಮನೆಗಿಂತ ಮೊದಲು ಊಟ ಕೊಡಬೇಕು. ಆಮೇಲೆ ಮಿತಿ 3 ಲಕ್ಷಕ್ಕೆ ಏರಿತು. ಸುಳ್ಳು ಹೇಳದೆ ಅರ್ಜಿ ತುಂಬಬಹುದೆಂಬ ಧೈರ್ಯ ಬಂದದ್ದು ಆಗಲೇ. ನಾವು ಹೋದ ಕಚೇರಿಯ ಹೆಸರು ಬೇಡ. ಎಲ್ಲ ಕಚೇರಿಗಳ ಬೆಂಚೂ ಒಂದೇ ಬಗೆಯದು.

ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬಂತು. ಪಡಿತರ ಚೀಟಿಯಲ್ಲಿ ನಮ್ಮ ಹೆಸರು 'ಉನ್ನಿಸಾ', ಆಧಾರಿನಲ್ಲಿ 'ನೀಸಾ', ಬ್ಯಾಂಕಿನ ಪುಸ್ತಕದಲ್ಲಿ ಬರೀ 'ಬೀ'. ಉರ್ದುವಿನಲ್ಲಿ ಬರೆದರೆ ಎಲ್ಲವೂ ಒಂದೇ ಹೆಸರು ಎಂದು ಗುಮಾಸ್ತರಿಗೆ ವಿವರಿಸಿದೆವು. "ಅಮ್ಮಾ, ಕಂಪ್ಯೂಟರಿಗೆ ಉರ್ದು ಬರಲ್ಲ" ಎಂದರು. ಮನುಷ್ಯ ಕೆಟ್ಟವರಲ್ಲ, ತಾವೇ ಎದ್ದು ಬಂದು ನೋಟರಿಯ ಅಂಗಡಿ ಎಲ್ಲಿದೆಯೆಂದು ತೋರಿಸಿದರು. ಮನೆ ಹೆಂಗಸಿನ ಹೆಸರಿಗೇ ಆಗಬೇಕು, ಇಲ್ಲವೇ ಜಂಟಿಯಾಗಿರಬೇಕು ಎಂಬುದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಿಯಮ. ಅದಕ್ಕೇ ನಮ್ಮ ಹೆಸರಿಗೆ ಇಷ್ಟು ಪರೀಕ್ಷೆ.

ನೋಟರಿಯ ಮುಂದೆ ಇನ್ನೊಂದು ತೊಡಕು ಎದ್ದಿತು. ಭಾರತದಲ್ಲಿ ಎಲ್ಲಿಯೂ ನಮ್ಮ ಕುಟುಂಬಕ್ಕೆ ಪಕ್ಕಾ ಮನೆಯಿಲ್ಲವೆಂದು ಪ್ರಮಾಣ ಮಾಡಬೇಕು. ಶಿಡ್ಲಘಟ್ಟದಲ್ಲಿ ಮಾವನವರು ಬಿಟ್ಟುಹೋದ ಎರಡು ಕೋಣೆಯ ಹಳೆಯ ಮನೆಯಿದೆ. ಖಾತೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಮೈದುನ ಅಲ್ಲಿದ್ದಾನೆ. ಆದರೆ ಶರೀಅತ್ತಿನ ಪ್ರಕಾರ ಮಾವನವರು ಕಣ್ಣು ಮುಚ್ಚಿದ ಗಳಿಗೆಯಲ್ಲೇ ವಾರಸುದಾರರ ಹಕ್ಕು ಹುಟ್ಟಿತು. ಅಮ್ಮಿಗೆ ಎಂಟನೇ ಒಂದು ಪಾಲು, ಉಳಿದದ್ದರಲ್ಲಿ ಮಗಳಿಗೆ ಒಂದು ಪಾಲಾದರೆ ಗಂಡುಮಕ್ಕಳಿಗೆ ಎರಡೆರಡು. ನಮ್ಮವರು ಪೆನ್ನು ಹಿಡಿದು ಕುಳಿತುಬಿಟ್ಟರು. "ಕಾಗದದಲ್ಲಿ ನಿಮ್ಮ ಹೆಸರಿದೆಯಾ? ಇಲ್ಲ ತಾನೆ? ಸೈನ್ ಮಾಡಿ" ಎಂದರು ನೋಟರಿ. ನಮ್ಮವರು ಸಹಿ ಮಾಡಿದರು. ಆದರೆ ಪಾಲಿನ ವಿಷಯವನ್ನು ಬೇರೊಂದು ಹಾಳೆಯಲ್ಲಿ ಬರೆದು ಅರ್ಜಿಗೆ ಪಿನ್ ಹಾಕಿದರು. ಗುಮಾಸ್ತರು ಅರ್ಜಿ ತೆಗೆದುಕೊಂಡರು, ಪಿನ್ ಬಿಚ್ಚಿ ಆ ಹಾಳೆಯನ್ನು ಮಾತ್ರ ನಮಗೇ ಹಿಂದಕ್ಕೆ ಕೊಟ್ಟರು. "ಇದನ್ನ ಯಾರೂ ಕೇಳಿಲ್ಲ ಸಾಬ್ರೇ." ಆ ಹಾಳೆ ಈಗಲೂ ನಮ್ಮ ಪೆಟ್ಟಿಗೆಯಲ್ಲಿದೆ.

ದೊಡ್ಡ ಪ್ರಶ್ನೆ ಹಣದ್ದು. ಆವಾಸ್ ಯೋಜನೆಯಲ್ಲಿ ಕೇಂದ್ರದ್ದು ಮನೆಯೊಂದಕ್ಕೆ ಒಂದೂವರೆ ಲಕ್ಷ, ಅದರ ಮೇಲೆ ರಾಜ್ಯದ ಪಾಲು. ಉಳಿದದ್ದು ನಮ್ಮದು. ಕೈಯಲ್ಲಿ ಇಲ್ಲದವರಿಗೆ ಬ್ಯಾಂಕಿನ ದಾರಿ ತೋರಿಸುತ್ತಾರೆ. 2022ರ ಮಾರ್ಚ್‌ವರೆಗೆ ಕೇಂದ್ರ ಸರ್ಕಾರ ಕಡಿಮೆ ಆದಾಯದವರ ಮನೆ ಸಾಲಕ್ಕೆ ಶೇ. 6.5ರ ಬಡ್ಡಿ ಸಹಾಯಧನವನ್ನೂ ಕೊಡುತ್ತಿತ್ತು. ಬಡ್ಡಿಯನ್ನೇ ಬೇಡವೆನ್ನುವವರಿಗೆ ಬಡ್ಡಿಯಲ್ಲಿ ರಿಯಾಯಿತಿ!

ಇಶಾ ನಮಾಝಿನ ನಂತರ ನಮ್ಮವರು ಮಸೀದಿಯ ಮೌಲಾನಾರನ್ನು ಕೇಳಿದರು. ಬ್ಯಾಂಕಿನ ಬಡ್ಡಿ ಬಡ್ಡಿಯೇ, ಅನ್ಯಮಾರ್ಗವೇ ಇಲ್ಲದ ತೀರಾ ಅಗತ್ಯವಿದ್ದಾಗ ಕೆಲವು ಉಲಮಾಗಳು ಅವಕಾಶ ಕೊಟ್ಟಿದ್ದಾರೆ, ತಾನಾಗಿ ಹೇಳಲಾರೆ ಎಂದರಂತೆ. "ಈಗ ಎಲ್ಲಿದ್ದೀರಿ?" ಎಂದು ಕೇಳಿದರು. "ಭೋಗ್ಯದಲ್ಲಿ." ಮೌಲಾನಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣ ಕೊಟ್ಟು, ಆ ಹಣ ಹಾಗೇ ಇದ್ದು, ಅದರ ಮೇಲೆ ಲಾಭ ಪಡೆಯುವುದಕ್ಕೆ ಏನನ್ನುತ್ತಾರೆ, ಭಾಯಿ?" ಎಂದರು. ನಮ್ಮವರು ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮಿ ತಸ್ಬೀಹು ಎಣಿಸುತ್ತಿದ್ದವರು ತಲೆ ಎತ್ತದೆಯೇ, "ಮೌಲಾನಾರಿಗೆ ಮಸೀದಿ ಕಮಿಟಿ ಮನೆ ಕೊಟ್ಟಿದೆ" ಎಂದರು. ನಕ್ಕೆವು. ಆದರೆ ಮೌಲಾನಾ ಹೇಳಿದ್ದು ಸುಳ್ಳಲ್ಲ.

ನಗು ನಿಂತ ಮೇಲೆ ಅಮ್ಮಿಗೆ ಇನ್ನೊಂದು ಮಾತು ಹೇಳಬೇಕಾಯಿತು. ಈ ಮನೆಯ ಭೋಗ್ಯಕ್ಕೆ ಕೊಟ್ಟ ಆರು ಲಕ್ಷದಲ್ಲಿ ಎರಡು ಲಕ್ಷ ಬಂದದ್ದು ಒಡವೆ ಗಿರವಿ ಇಟ್ಟು. ಅದಕ್ಕೆ ತಿಂಗಳು ತಿಂಗಳೂ ಬಡ್ಡಿ ಕಟ್ಟುತ್ತಿದ್ದೇವೆ. ನಾಲ್ಕು ವರ್ಷ ಅವರಿಗೆ ತಿಳಿಸಿರಲಿಲ್ಲ. ಈದ್‌ಗೆ ಸರ ಏಕೆ ಹಾಕಿಕೊಳ್ಳಲಿಲ್ಲ ಬೇಟಿ ಎಂದು ಕೇಳಿದಾಗಲೆಲ್ಲ ಕತ್ತಿಗೆ ಅಲರ್ಜಿ ಎಂದಿದ್ದೆವು. ಅಮ್ಮಿ ಬೈಯಲಿಲ್ಲ. ತಸ್ಬೀಹು ಪಕ್ಕಕ್ಕಿಟ್ಟು, "ನಾನು ಹಜ್ಜಿಗೆಂದು ಕೂಡಿಟ್ಟದ್ದು ಇತ್ತಲ್ಲ, ಕೇಳಬಾರದಿತ್ತೇ?" ಎಂದರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮನೆಗಳು ಏಳುತ್ತಿರುವ ಜಾಗ ನೋಡಲು ಒಂದು ಭಾನುವಾರ ಹೋದೆವು. ಎರಡು ಬಸ್ಸು, ಆಮೇಲೆ ಆಟೋ. ನಮ್ಮವರ ಕೆಲಸ ಜೆ.ಸಿ. ರಸ್ತೆಯಲ್ಲಿ. ಹೋಗಿಬರಲು ದಿನಕ್ಕೆ ನಾಲ್ಕು ಗಂಟೆ ಬೇಕು. ಈಜಿಪುರದ ಬಡವರ ವಸತಿಗೃಹಗಳಲ್ಲಿದ್ದವರ ನೆನಪಾಯಿತು. ಅಲ್ಲಿನ ಕಟ್ಟಡಗಳು ಕುಸಿದ ಮೇಲೆ ಅವರು ವರ್ಷಗಟ್ಟಲೆ ತಗಡಿನ ಶೆಡ್ಡುಗಳಲ್ಲಿದ್ದರು. 2013ರ ಜನವರಿಯಲ್ಲಿ ಆ ಶೆಡ್ಡುಗಳನ್ನೂ ಕೆಡವಿದಾಗ, ಸುತ್ತಮುತ್ತ ಮನೆಗೆಲಸ ಮಾಡಿಕೊಂಡಿದ್ದ ಹೆಂಗಸರಿಗೆ ಊರಾಚೆ ತೋರಿಸಿದ ಸೂರು ಕೆಲಸದಿಂದ ಬಹಳ ದೂರವಿತ್ತು. ಸೂರು ಸಿಗುವುದು ಬೇರೆ, ಅದರ ಕೆಳಗೆ ಬದುಕುವುದು ಬೇರೆ ಎಂದು ಆಗ ಪತ್ರಿಕೆಯಲ್ಲಿ ಓದಿ ಮರುಗಿದ್ದೆವು. ಈಗ ನಾವೇ ಮಣ್ಣಿನ ಗುಡ್ಡೆಯ ಮೇಲೆ ನಿಂತು ಕಿಟಕಿಯಿಲ್ಲದ ಅಂತಸ್ತುಗಳನ್ನು ಎಣಿಸುತ್ತಿದ್ದೆವು. ಮಕ್ಕಳಿಗೆ ಲಿಫ್ಟಿನ ಚಿಂತೆ. ಅಮ್ಮಿ ಕೇಳಿದ್ದು ಒಂದೇ: "ಇಲ್ಲಿಂದ ಕಬ್ರಸ್ತಾನ್ ಎಷ್ಟು ದೂರ?"

ಕೊನೆಗೆ ಅರ್ಜಿ ಹಿಂತೆಗೆದುಕೊಳ್ಳಲಿಲ್ಲ. ಬ್ಯಾಂಕಿನ ಕಾಗದಕ್ಕೆ ಸಹಿಯನ್ನೂ ಹಾಕಲಿಲ್ಲ. ಮನೆ ಬಂದರೆ ಭೋಗ್ಯದ ಹಣ ಬಿಡಿಸಿಕೊಂಡು ಅದಕ್ಕೆ ಕಟ್ಟುವುದು, ಸಾಲದಿದ್ದರೆ ಮೈದುನನಿಗೆ ಪಾಲು ಬಿಟ್ಟುಕೊಟ್ಟು ಅವನಿಂದಾದಷ್ಟು ಪಡೆಯುವುದು ಎಂದು ಲೆಕ್ಕ ಹಾಕಿದ್ದೇವೆ. ಮೊದಲು ಒಡವೆ ಬಿಡಿಸಬೇಕೆಂದು ಅಮ್ಮಿಯ ಹಟ. ಹಜ್ಜಿನ ಹಣ ಮುಟ್ಟಲು ನಮ್ಮವರು ಒಪ್ಪಿಲ್ಲ. ಈ ಮಾತು ಎರಡು ದಿನಕ್ಕೊಮ್ಮೆ ಎದ್ದು ಚಹಾದ ಜೊತೆ ತಣ್ಣಗಾಗುತ್ತದೆ.

ಹಾಜಿ ಸಾಹೇಬರ ಮಗನ ಮದುವೆ ಆಯಿತು. ನಾವೂ ಹೋಗಿ ಬಿರಿಯಾನಿ ಉಂಡು ಬಂದೆವು. ಶಾದಿಮಹಲಿನ ಬಾಗಿಲಲ್ಲಿ ಅವರು ನಮ್ಮವರ ಕೈ ಹಿಡಿದು, "ಸರ್ಕಾರದ ಮನೆ ಏನಾಯಿತು?" ಎಂದು ಕೇಳಿದರು.

"ಪರಿಶೀಲನೆಯಲ್ಲಿದೆ" ಎಂದರು ನಮ್ಮವರು.

"ಹಾಗಾದರೆ ಒಂದು ಲಕ್ಷ ಸೇರಿಸಿ, ಇನ್ನು ಹನ್ನೊಂದು ತಿಂಗಳಿಗೆ ಬರೆಸಿಬಿಡೋಣ" ಎಂದರು ಹಾಜಿ ಸಾಹೇಬರು.